ಬಾಲಂಗೋಚಿಗಳಿಗೆ ಚೆಂಡೆಸೆದವಳು

ದೇಶದ ಹೆಣ್ಣುಮಕ್ಕಳ ಕ್ರಿಕೆಟ್ ತಂಡದಲ್ಲಿ ಹನ್ನೊಂದು ಮಂದಿ ಎಂಬುದು ಲೆಕ್ಕಕ್ಕೆ ಮಾತ್ರ. ಬ್ಯಾಟ್ ಮಾಡುತ್ತಿದ್ದವರು ಆರೇ ಜನ. ಆ ಆರು ಮಂದಿ ಔಟಾದರೆಂದರೆ ಉಳಿದವರು ತರಗೆಲೆಗಳಂತೆ ಉದುರುತ್ತಿದ್ದರು, ಟೀವಿ ಮುಂದೆ ಕೂತವರು ಎದ್ದು ತಂತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಎಸೆತದಕ್ಕನ ಗಂಡ ಬಸ್ ಡ್ರೈವರು; ಅವನಂತೂ, ಕೊನೆಯ ಐವರು ಬರೀ ಹಾಜರಿ ಹಾಕಿ ಬರುತ್ತಾರೆಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದ. ಅಕ್ಕನೂ ಅವನ ಜೊತೆ ನಗುತ್ತಿದ್ದಳು.

ಎಸೆತದಕ್ಕನದು ಅದೇ ತಂಡಕ್ಕೆ ಅಭ್ಯಾಸದಲ್ಲಿ ಚೆಂಡೆಸೆಯುವ ಕೆಲಸ, ಆ ಹೆಸರೂ ಅದರಿಂದಲೇ ಬಂದದ್ದು. ವಯಸ್ಸು ನಲವತ್ತಾರು. ಮೊಣಕಾಲು ಆಗಲೇ ಮುಷ್ಕರ ಹೂಡಿತ್ತು, ಬಲಗೈ ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತಿತ್ತು. ಮೊದಲು ಅವಳು ಸೇರಿದ್ದು ತಂಡದ ಬಟ್ಟೆ ಒಗೆಯಲು. ಒಂದು ದಿನ ಬಟ್ಟೆ ಹರವುವ ಹಗ್ಗದ ಹತ್ತಿರ ಬಂದು ಬಿದ್ದ ಚೆಂಡನ್ನು ಅಲ್ಲಿಂದಲೇ ವಿಕೆಟ್ ಕೀಪರ್ ಕೈಗೆ ಎಸೆದಳು. ನೋಡಿದ ಕೋಚ್ ಮೇಡಂ ಸೋಪು ಬಿಡಿಸಿ, ತುದಿಯಲ್ಲಿ ಚೆಂಡು ಕೂರಿಸಿ ಬೀಸುವ ಉದ್ದನೆಯ ಪ್ಲಾಸ್ಟಿಕ್ ಕೋಲನ್ನು ಅವಳ ಕೈಗೆ ಕೊಟ್ಟರು. ಅದರಿಂದ ಬೀಸಿದರೆ ಚೆಂಡು ವೇಗದ ಬೌಲರ್ ಹಾಕಿದಷ್ಟೇ ಜೋರಾಗಿ ಬರುತ್ತದೆ. ಹೀಗೆ ಹನ್ನೆರಡು ವರ್ಷ, ದಿನಕ್ಕೆ ಮುನ್ನೂರು ಚೆಂಡು.

ಬಲೆ ಕಟ್ಟಿ ಅಭ್ಯಾಸ ಮಾಡುವ ನೆಟ್ಸ್‌ನಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಬೆಳಗಿನ ಹೊಸ ಚೆಂಡು, ದಣಿಯದ ತೋಳು ಮೊದಲ ಆರು ಜನಕ್ಕೆ. ಕೊನೆಯಲ್ಲಿ ಬ್ಯಾಟ್ ಹಿಡಿಯುವ ಬಾಲಂಗೋಚಿ ಬೌಲರ್‌ಗಳಿಗೆ ಊಟಕ್ಕೆ ಮುಂಚಿನ ಹತ್ತು ನಿಮಿಷ. ಅವರ ಬೆರಳಿಗೆ ಪೆಟ್ಟಾದರೆ ಪಂದ್ಯದಲ್ಲಿ ಬೌಲಿಂಗ್ ಮಾಡುವವರು ಯಾರು, ಜೋರಾಗಿ ಎಸೆಯಕೂಡದು ಎಂದು ಮೇಡಂ ಅವರ ಕಟ್ಟಪ್ಪಣೆ. ಅಕ್ಕನಿಗೂ ಆ ಹುಡುಗಿಯರೆಂದರೆ ಕರುಳಿನ ಅಕ್ಕರೆ. ಕೋಲು ಪಕ್ಕಕ್ಕಿಟ್ಟು, ಮಗುವಿಗೆ ತುತ್ತಿಡುವಂತೆ, ಬರಿಗೈಯಲ್ಲಿ ಬ್ಯಾಟಿನ ನಡುವಿಗೇ ಚೆಂಡು ಕೊಡುತ್ತಿದ್ದಳು. ಅವರು ಬಾರಿಸುತ್ತಿದ್ದರು, ಇವಳು ಭೇಷ್ ಅನ್ನುತ್ತಿದ್ದಳು, ಎಲ್ಲರೂ ಖುಷಿಯಾಗಿ ಊಟಕ್ಕೆ ಹೋಗುತ್ತಿದ್ದರು.

ಹತ್ತನೆಯವಳಾಗಿ ಬ್ಯಾಟ್ ಹಿಡಿಯುವ ವೇಗದ ಬೌಲರ್ ಒಬ್ಬಳಿದ್ದಳು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಉದ್ದಿ. ಗೆಲ್ಲಲು ಬರೀ ಹದಿನಾಲ್ಕು ರನ್ ಬೇಕಿದ್ದ ಪಂದ್ಯವೊಂದರಲ್ಲಿ ಉದ್ದಿ ಮೊದಲ ಚೆಂಡಿಗೇ ಔಟಾದಳು, ತಂಡ ಸೋತಿತು. ಎಲ್ಲರೂ ಹೊರಟ ಮೇಲೆ, ಒದ್ದೆ ಟವೆಲ್ ಹರವುತ್ತಿದ್ದ ಅಕ್ಕನ ಎದುರು ಬಂದು ಬೆಂಚಿನ ಮೇಲೆ ಕೂತಳು.

“ಅಕ್ಕಾ, ಚೆಂಡು ಎದೆ ಮಟ್ಟಕ್ಕೆ ಬಂತು. ನೆಟ್ಸ್‌ನಲ್ಲಿ ಒಂದ್ಸಲಾನೂ ನೀವು ಅಂಥದ್ದು ಹಾಕಿಲ್ಲ. ಕಣ್ಣು ಮುಚ್ಕೊಳ್ಳೋದು ಬಿಟ್ರೆ ನಂಗೇನೂ ತೋಚ್ಲಿಲ್ಲ.”

ಅವಳು ದೂರುತ್ತಿರಲಿಲ್ಲ, ನಡೆದದ್ದು ಹೇಳುತ್ತಿದ್ದಳು ಅಷ್ಟೇ. ಅದೇ ಅಕ್ಕನಿಗೆ ನಾಟಿತು. ಪ್ರೀತಿ, ಪ್ರೀತಿ ಅಂದುಕೊಂಡು ತಾನು ಈ ಹುಡುಗಿಯರನ್ನು ವರ್ಷಗಟ್ಟಲೆ ನಡುನೀರಿನಲ್ಲಿ ಕೈಬಿಟ್ಟಿದ್ದಳು. ಮನೆಗೆ ಹೋದಾಗ ಗಂಡ ಹಾಜರಿಯ ಮಾತು ತೆಗೆದ. ಆಟ ಕಲಿಸದೆ ನಗುವುದು ಯಾವ ನ್ಯಾಯ ಎಂದು ಅಕ್ಕ ಗದರಿದಳು. ಪಾಪ, ಅವನಿಗೆ ಅದರ ತಲೆಬುಡ ಅರ್ಥವಾಗಲಿಲ್ಲ.

ಮರುದಿನ ಅಕ್ಕ ಮೇಡಂ ಬಳಿ ಹೋಗಿ, ಇನ್ನು ಬೆಳಿಗ್ಗೆ ಮೊದಲ ಸರದಿ ಬೌಲರ್‌ಗಳಿಗೆ ಕೊಡಿ, ಕೋಲಿನಲ್ಲೇ ಎಸೆಯುತ್ತೇನೆ ಎಂದು ಕೇಳಿದಳು. ಮೇಡಂ ಕೆಟ್ಟವರಲ್ಲ, ಆದರೆ ಅವರ ಮೇಲೂ ಕಣ್ಣಿಟ್ಟ ಮೇಲಧಿಕಾರಿಗಳಿದ್ದರು. ಕೊನೆಗೆ ಒಪ್ಪಿದರು. “ಆದ್ರೆ ಯಾರಿಗಾದ್ರೂ ಪೆಟ್ಟಾದ್ರೆ ನಿಮ್ಮ ಕೆಲಸ ಉಳ್ಸೋಕೆ ನನ್ನ ಕೈಲಾಗಲ್ಲ” ಎಂದರು. ಅಕ್ಕನದು ವರ್ಷ ವರ್ಷ ನವೀಕರಿಸುವ ಕೆಲಸ. ಮತ್ತೆ ಬಟ್ಟೆ ಒಗೆಯುವ ಕಲ್ಲಿಗೆ ಹೋಗಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಆದರೂ ಕೋಲು ಎತ್ತಿಕೊಂಡಳು.

ಮೊದಲ ವಾರ ನೋಡುವ ಹಾಗಿರಲಿಲ್ಲ. ಚೆಂಡು ಹೆಗಲಿಗೆ, ಪಕ್ಕೆಗೆ, ತೊಡೆಗೆ. ಹುಡುಗಿಯರು ಹಿಂದೆ ಹಿಂದೆ ಸರಿದು ಬಲೆಗೇ ಅಂಟಿಕೊಂಡರು. ಅಕ್ಕ ಬಿಡಲಿಲ್ಲ. ಕಣ್ಣು ಚೆಂಡಿನ ಮೇಲಿರಲಿ, ಕೈ ಸಡಿಲವಿರಲಿ, ಓಡಿಹೋಗಲು ಅಲ್ಲಿ ಜಾಗವಿಲ್ಲ ಎಂದು ನೂರು ಸಲ ಹೇಳಿದಳು. ಮೂರನೆಯ ವಾರ ಒಂದು ಚೆಂಡು ಉದ್ದಿಯ ಗ್ಲೌಸಿಗೆ ಬಡಿಯಿತು. ಅಕ್ಕ ಕೋಲು ಬಿಸಾಡಿ ಓಡಿದಳು. ಮುರಿದಿರಲಿಲ್ಲ, ಊದಿತ್ತು. ಉದ್ದಿ ಒಂದು ಪಂದ್ಯ ಹೊರಗೆ ಕೂತಳು. ಮೇಡಂ ಬೈಯಲಿಲ್ಲ, ಮುಂದಿನ ವರ್ಷದ ಕೆಲಸದ ಮಾತನ್ನು ಸರಣಿ ಮುಗಿದ ಮೇಲೆ ಆಡೋಣ ಎಂದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅಕ್ಕನಿಗೆ. ಉದ್ದಿ ಮಾತ್ರ ಬೆರಳಿಗೆ ಪಟ್ಟಿ ಸುತ್ತಿಕೊಂಡು ಐದನೆಯ ದಿನವೇ ನೆಟ್ಸ್‌ಗೆ ಬಂದು ನಿಂತಳು. ಅಕ್ಕ ಎಸೆಯಲು ಹಿಂದೆಮುಂದೆ ನೋಡಿದಾಗ, ಪಂದ್ಯದಲ್ಲಿ ಎದುರಾಳಿ ಬೌಲರ್‌ಗಳು ಹಿಂದೆಮುಂದೆ ನೋಡುತ್ತಾರೇನಕ್ಕ ಎಂದು ಕೇಳಿದಳು.

ಸರಣಿಯ ಕೊನೆಯ ಪಂದ್ಯದಲ್ಲಿ ಎಂಟು ವಿಕೆಟ್ ಬಿದ್ದು, ಇನ್ನೂ ಐವತ್ತೆರಡು ರನ್ ಬೇಕಿದ್ದಾಗ ಉದ್ದಿ ಅಂಗಳಕ್ಕಿಳಿದಳು. ಜನ ಗೇಟಿನ ಕಡೆ ಹೊರಟಿದ್ದರು. ಮೊದಲ ಚೆಂಡೇ ಎದೆಗೆ ಬಂತು. ಉದ್ದಿ ಕಣ್ಣು ಮುಚ್ಚಲಿಲ್ಲ, ಕೈ ಸಡಿಲ ಬಿಟ್ಟಳು, ಚೆಂಡು ಅವಳ ಕಾಲಬುಡದಲ್ಲೇ ಸುಮ್ಮನೆ ಬಿತ್ತು. ಬೌಂಡರಿ ಗೆರೆಯ ಆಚೆ ನಿಂತಿದ್ದ ಅಕ್ಕ ಸದ್ದಿಲ್ಲದೆ ಅತ್ತಳು. ಆಮೇಲೆ ಒಂದೊಂದೇ ರನ್ ಬಂತು. ಜೊತೆಯವಳು ಔಟಾದಳು, ಕೊನೆಯವಳು ಬಂದಳು, ಹೊರಟಿದ್ದ ಜನ ಮೆಟ್ಟಿಲ ಮೇಲೆ ನಿಂತೇ ನೋಡಿದರು. ಐದು ರನ್ ಬೇಕಿದ್ದಾಗ ಉದ್ದಿ ಎತ್ತಿ ಬಾರಿಸಿದಳು. ಗೆರೆಯಂಚಿನಲ್ಲಿದ್ದ ಎದುರಾಳಿ ಚೆಂಡನ್ನು ಹಿಡಿದುಬಿಟ್ಟಳು.

ಸೋತರು. ಉದ್ದಿ ಒಳಗೆ ಬಂದು, ಹೆಲ್ಮೆಟ್ ಕೂಡ ತೆಗೆಯದೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. “ಗೆಲ್ಲಿಸ್ಬಹುದಿತ್ತಕ್ಕಾ. ನನ್ ಕೈಲಿ ಆಗ್ತಿತ್ತು.” ಈ ತಂಡದ ಹತ್ತನೆಯವಳೊಬ್ಬಳು ಹೀಗೆ ಹೇಳಿದ್ದನ್ನು ಅಕ್ಕ ಒಮ್ಮೆಯೂ ಕೇಳಿರಲಿಲ್ಲ. ಔಟಾಗಿ ಬಂದವರು ಬಿಸಿಲು ಜಾಸ್ತಿ ಅನ್ನುತ್ತಿದ್ದರು, ಚಹಾ ಕೇಳುತ್ತಿದ್ದರು. ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಸಮಾಧಾನ ಹೇಳುವುದನ್ನೂ ಮರೆತು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು.

ಬಾಗಿಲಲ್ಲಿ ಮೇಡಂ ನಿಂತಿದ್ದರು. ನಾಳೆಯಿಂದ ಒಂದು ವಾರ ಎಲ್ಲರಿಗೂ ರಜೆ ಎಂದು ಹೇಳಲು ಬಂದಿದ್ದರು. ಉದ್ದಿ ಮೂಗು ಒರೆಸಿಕೊಂಡು, ತನಗೆ ರಜೆ ಬೇಡ ಎಂದಳು.

“ಅಕ್ಕ ಇರ್ತಾರಲ್ವಾ ಮೇಡಂ?”

ಮೇಡಂ ಎಸೆತದಕ್ಕನ ಬಲಗೈಯನ್ನೊಮ್ಮೆ ನೋಡಿದರು.

“ಇರ್ತಾರೆ” ಎಂದರು.