ರಾಜನ ಮನೆ ಮುಟ್ಟಿದ ಕಾಲಾಳು

ಉಪ್ಪಿನಕಾಯಿಗೆ ಎಷ್ಟು ಖಾರ ಬೀಳಬೇಕೆಂಬುದು ಮನೆಯಿಂದ ಮನೆಗೆ ಬೇರೆಯಾಗುವಂತೆ ಚದುರಂಗದ ನಿಯಮಗಳೂ ಬೇರೆಯಾಗುತ್ತವೆ. ತಮ್ಮ ಮನೆಯದೇ ಶಾಸ್ತ್ರಸಮ್ಮತವೆಂಬ ನಂಬಿಕೆ ಮಾತ್ರ ಎಲ್ಲರದೂ ಒಂದೇ. ಇದು ನನಗೆ ತಿಳಿದದ್ದು ಐವತ್ತರ ದಶಕದ ಕೊನೆಯಲ್ಲಿ, ಯಲಹಂಕದ ಹಳೇ ಪೇಟೆಯಲ್ಲಿ ಬಾಡಿಗೆಗಿದ್ದಾಗ, ಅದೂ ಅಧಿಕಪ್ರಸಂಗ ಮಾಡಿ ಮುಗಿಸಿದ ಮೇಲೆ.

ಮನೆಯ ಮಾಲೀಕರು ಮುನಿಶಾಮಪ್ಪನವರು, ದ್ರಾಕ್ಷಿತೋಟದ ಒಡೆಯರು. ಭಾನುವಾರ ಊಟವಾದ ಮೇಲೆ ಅವರ ಜಗಲಿಗೆ ನಿವೃತ್ತ ನಾರಣಪ್ಪ ಮೇಷ್ಟ್ರು ಬಂದರೆ ಸಂಜೆಯವರೆಗೂ ಚದುರಂಗ. ನಮ್ಮ ನಾಡಿನ ಹಳೆಯ ಆಟದಲ್ಲಿ ಎದುರಾಳಿಯ ಕೊನೆಯ ಸಾಲು ಮುಟ್ಟಿದ ಕಾಲಾಳಿಗೆ ಆ ಮನೆಯದೇ ಪದವಿ: ಆನೆಯ ಮನೆಯಲ್ಲಿ ಆನೆ, ಕುದುರೆಯ ಮನೆಯಲ್ಲಿ ಕುದುರೆ. ಸರಿ, ರಾಜನ ಮನೆ ಮುಟ್ಟಿದರೆ? ಒಂದು ಸೈನ್ಯಕ್ಕೆ ಇಬ್ಬರು ರಾಜರುಂಟೇ? ಮಂತ್ರಿಯಾಗಬೇಕೆಂದು ಮುನಿಶಾಮಪ್ಪನವರ ವಾದ. ಏನೂ ಆಗದೆ ಸುಮ್ಮನೆ ನಿಲ್ಲಬೇಕೆಂದು ಮೇಷ್ಟ್ರದು. ಆಟ ಕಲಿಸಿದ ಅವರ ತಾತ ಹಾಗೆ ಹೇಳಿದ್ದರಂತೆ. ವರ್ಷಗಟ್ಟಲೆ ಈ ಜಗಳ ಸುಖವಾಗಿ ನಡೆದಿತ್ತು.

ಅದನ್ನು ಬಗೆಹರಿಸುವ ಚಪಲ ನನಗೆ ಹತ್ತಿತು. ಇಂಗ್ಲಿಷಿನ ನಿಯಮಪುಸ್ತಕವೊಂದನ್ನು ತಂದು, ಹೈಕೋರ್ಟಿನ ಗತ್ತಿನಲ್ಲಿ, ಯಾವ ಮನೆ ಮುಟ್ಟಿದರೂ ಮಂತ್ರಿಯಾಗಬಹುದೆಂದು ಓದಿ ಹೇಳಿದೆ. ಮುನಿಶಾಮಪ್ಪನವರು ತೊಡೆ ತಟ್ಟಿಕೊಂಡರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಹಾಗಾದ್ರೆ ನಮ್ಮ ತಾತ ಸುಳ್ಳು ಹೇಳಿದ್ರು ಅಂತಾಯ್ತು" ಎಂದು ಎದ್ದುಹೋದರು.

ಮೂರು ಭಾನುವಾರ ಅವರು ಬರಲಿಲ್ಲ. ಮುನಿಶಾಮಪ್ಪನವರು ಜಗಲಿಯಲ್ಲಿ ಒಬ್ಬರೇ ಕುಳಿತು ಬೀದಿಯ ತುದಿ ನೋಡುತ್ತಿದ್ದರು. "ಗೆದ್ದೋನು ನಾನೇ ಸ್ವಾಮಿ, ಆದ್ರೆ ಆಡಾಕೆ ಯಾರವ್ರೆ? ಇಂಗಾಯ್ತದೆ ಅಂತ ಗೊತ್ತಿದ್ರೆ ನಿಮ್ಮುನ್ನ ಕೇಳ್ತಾನೇ ಇರ್ನಿಲ್ಲ" ಎಂದರು. ನಿಜಕ್ಕೂ ನನ್ನನ್ನು ಯಾರೂ ಕೇಳಿರಲಿಲ್ಲ. ಅದನ್ನು ನೆನೆದು ಇನ್ನಷ್ಟು ನಾಚಿಕೆಯಾಯಿತು.

ಮೇಷ್ಟ್ರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಪುಸ್ತಕದ ಆಟವೇ ಬೇರೆ, ಅಲ್ಲಿ ಕಾಲಾಳು ಮೊದಲ ನೆಗೆತಕ್ಕೇ ಎರಡು ಮನೆ ದಾಟಬಹುದು, ನಮ್ಮಲ್ಲಿ ಯಾವಾಗಲೂ ಒಂದೇ, ತಾತನ ಆಟದ ಬಗ್ಗೆ ಅದು ಚಕಾರವೆತ್ತಿಲ್ಲ ಎಂದೆ. ಅಪ್ಪಟ ಸತ್ಯವೇ, ಮೊದಲ ದಿನವೇ ನನಗೆ ಹೊಳೆಯಬೇಕಿತ್ತು, ಅಷ್ಟೆ.

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನಯ್ಯ?" ಎಂದು ಮೇಷ್ಟ್ರು ಚಪ್ಪಲಿ ಹುಡುಕಿದರು.

ಅಂದಿನ ಆಟದಲ್ಲಿ ಮುನಿಶಾಮಪ್ಪನವರ ಕಾಲಾಳೇ ರಾಜನ ಮನೆ ಮುಟ್ಟಿತು. ಮಂತ್ರಿ ಸಿಕ್ಕರೆ ಗೆಲುವು ಖಚಿತ. ಅವರ ಕೈ ಮಂತ್ರಿಯ ಕಾಯಿಯ ತನಕ ಹೋಗಿ ಹಿಂದಕ್ಕೆ ಬಂತು. "ನಿಂತಿರ್ಲಿ ಬುಡಿ ಮೇಷ್ಟ್ರೇ, ನಿಮ್ ತಾತ ಯೋಳ್ದಂಗೇ ಆಗ್ಲಿ" ಎಂದರು. ಹತ್ತೇ ನಡೆಯಲ್ಲಿ ಸೋತರು. ಸೋತವರೇ ಒಳಗಿನವರಿಗೆ ಕೇಳುವಂತೆ ಕೂಗಿದರು:

"ಮೇಷ್ಟ್ರಿಗೆ ಕಾಪಿ ತಕ್ಕಂಬಾ, ಇನ್ನೊಂದಾಟ ಆಡ್ತೀವಿ!"