ಒಂದೇ ಸೀಟಿನ ವಿಮಾನ ಮತ್ತು ಫಿಟ್ಟರ್ ರುದ್ರಪ್ಪ

ನಮ್ಮ ಶಿಕಾರಿಪುರದ ಮೇಲೆ ವಿಮಾನ ಹೋಗೋದು ಅಂದ್ರೆ ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ. ಸದ್ದು ಕೇಳಿದ್ದೇ ತಡ, ಹೋಟೆಲಿನೋರು ಸೌಟು ಹಿಡ್ಕೊಂಡೇ ಬೀದಿಗೆ ಬರೋರು, ತಾಲ್ಲೂಕು ಕಚೇರಿ ಗುಮಾಸ್ತರು ಕಿಟಕಿಗೆ ಮುಖ ಹಚ್ಚೋರು, ಗಾಡಿಯೋರು ಎತ್ತು ನಿಲ್ಲಿಸಿ ಹಣೆಗೆ ಕೈ ಅಡ್ಡ ಹಿಡಿಯೋರು. ಊರಿಗೆ ಊರೇ ಮೇಲೆ ನೋಡ್ತಿದ್ರೆ ಒಬ್ಬರು ಮಾತ್ರ ನೆಲ ನೋಡ್ತಾ ನಿಂತಿರೋರು. ಫಿಟ್ಟರ್ ರುದ್ರಪ್ಪ. ಕೈಲಿದ್ದ ಪಾನಾ ಕೆಳಗಿಟ್ಟು, ತಲೆ ಬಗ್ಗಿಸಿ, ಸದ್ದು ಪೂರ್ತಿ ಅಡಗೋವರೆಗೂ ಅಲ್ಲಾಡ್ತಿರಲಿಲ್ಲ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಪಾನಾ ಎತ್ಕೊಳ್ಳೋರು.

ನನಗೆ ಅವರ ಮೇಲೆ ಮೊದಲ ಅನುಮಾನ ಹುಟ್ಟಿದ್ದೇ ಇದರಿಂದ. ಲಡಾಯಿಯಲ್ಲಿ ವಿಮಾನದ ಪಡೇಲಿದ್ದೋರು ಅಂತ ಜನ ಹೇಳ್ತಾರೆ, ವಿಮಾನ ಬಂದ್ರೆ ತಲೆ ಎತ್ತಲ್ಲ! ಯಾಕೆ? ಓಡಿ ಬಂದೋರಾ? ಅಥವಾ ವಿಮಾನಾನೇ ನೋಡಿಲ್ವಾ?

ನನ್ನ ವಿಷಯ ಸ್ವಲ್ಪ ಹೇಳಿಬಿಡ್ತೀನಿ. ಆಗ ನನಗೆ ಹತ್ತೊಂಬತ್ತು. ಇಂಟರ್‌ಮೀಡಿಯೆಟ್ ಡುಮ್ಕಿ ಹೊಡೆದು ಮನೇಲಿದ್ದೆ. ವಿಮಾನದ ಹುಚ್ಚು ತಲೆಗೇರಿತ್ತು. ಯಾರೂ ಕಲಿಸಿದ್ದಲ್ಲ. ಊರ ಲೈಬ್ರರಿಯ ಓದೋ ಕೋಣೆಗೆ ಬರ್ತಿದ್ದ ಹಳೇ ಇಂಗ್ಲಿಷ್ ಪತ್ರಿಕೆಗಳನ್ನ ಕಾಡಿ ಬೇಡಿ ತಂದು, ಚಿತ್ರ ಕತ್ತರಿಸಿ, ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗಿರೋ ಬರಹವನ್ನ ಡಿಕ್ಷನರಿ ಇಟ್ಕೊಂಡು ಬಿಡಿಸ್ಕೊಳ್ತಿದ್ದೆ. ಯಾವ ವಿಮಾನಕ್ಕೆ ಎಷ್ಟು ರೆಕ್ಕೆ, ಎಷ್ಟು ಬಂದೂಕು, ಎಷ್ಟು ಸೀಟು, ಎಲ್ಲ ಬಾಯಿಪಾಠ. ಒಂದನ್ನೂ ಮುಟ್ಟಿ ನೋಡಿರಲಿಲ್ಲ, ಅದು ಬೇರೆ ಮಾತು.

ರುದ್ರಪ್ಪನೋರು ಬಳ್ಳಿಗಾವಿ ಕಡೆಯೋರು. ಲಡಾಯಿ, ಅಂದ್ರೆ ಎರಡನೇ ಮಹಾಯುದ್ಧ, ಮುಗಿದು ಹನ್ನೆರಡು ಹದಿಮೂರು ವರ್ಷ ಆಗಿತ್ತು. ಮಾರ್ಕೆಟ್ ಹತ್ರ ಒಂದು ತಗಡಿನ ಶೆಡ್ಡು. ಸೈಕಲ್ಲು, ನೀರೆತ್ತೋ ಇಂಜಿನ್ನು, ಲಾರಿ, ಎಲ್ಲ ರಿಪೇರಿ. ಕೈ ಒಳ್ಳೇದು, ಅದನ್ನ ಶತ್ರುಗಳೂ ಒಪ್ಪೋರು. ಆದ್ರೆ ಒಂದು ವಿಚಿತ್ರ ಪದ್ಧತಿ ಇಟ್ಕೊಂಡಿದ್ರು. ಕೆಲಸ ಮುಗಿದ ಮೇಲೆ ಗಾಡಿ ಸುತ್ತ ಒಂದು ಸುತ್ತು ಬರೋರು, ಮೈಮೇಲೆ ಕೈ ಆಡಿಸ್ತಾ, ಥೇಟ್ ಎಮ್ಮೆ ಕೊಳ್ಳೋರ ಹಾಗೆ. ಆಮೇಲೆ ಉದ್ದನೆ ನೋಟ್‌ಬುಕ್ಕು ತೆಗೆದು ಏನು ಮಾಡಿದೀನಿ ಅಂತ ಒಂದು ಸಾಲು ಬರೆದು ಸಹಿ ಹಾಕೋರು. ಪುಸ್ತಕ ನಿಮ್ಮ ಕಡೆ ತಿರುಗಿಸಿ, ಕೆಳಗೆ ನಿಮ್ಮದೊಂದು ಹಾಕ್ರಿ ಅನ್ನೋರು. ಹಾಕೋವರೆಗೂ ಗಾಡಿ ಇಲ್ಲ.

"ನಾ ನೋಡೀನಿ ಅಂತ ನನ್ನ ಸಹಿ," ಅನ್ನೋರು. "ನಾ ನಂಬೀನಿ ಅಂತ ನಿಮ್ದು."

ನಮ್ಮೂರಲ್ಲಿ ಹೆಂಗ್ ನಡೀಬೇಕು ಇದು? ಸಹಿ ಹಾಕ್ಸಿಕೊಳ್ಳೋ ಮನುಷ್ಯನ ನೆರಳು ಕಂಡ್ರೂ ಜನ ದಾರಿ ಬಿಟ್ಟು ಹೋಗೋ ಊರು ನಮ್ದು. ನಮ್ಮ ತಾತನೇ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಎರಡೆಕರೆ ಗದ್ದೆ ಪಕ್ಕದೋರ ಪಹಣಿಗೆ ಹೋಗಿತ್ತು. ಬ್ರಹ್ಮನೇ ಬಂದು ಕೇಳಿದ್ರೂ ಸಹಿ ಹಾಕಬ್ಯಾಡ ಅಂತ ಅಪ್ಪ ನನ್ನ ಕೈಲಿ ಆಣೆ ಹಾಕ್ಸಿದ್ದ. ಹಂಗಾಗಿ ನನ್ನ ಸೈಕಲ್ಲಿನ ಬ್ರೇಕು ರಿಪೇರಿ ಆದ ದಿನ ನಾನು ಎರಡು ಸಲ ಯೋಚನೆ ಮಾಡದೆ 'ಕೆ. ರಂಗನಾಥ' ಅಂತ ಗೀಚಿದೆ. ಆ ಹೆಸರಿನೋನು ನಮ್ಮ ಬೀದೀಲೇ ಇಲ್ಲ. ದೊಡ್ಡ ಜಾಣತನ ಮಾಡ್ದೆ ಅಂದ್ಕೊಂಡು ಬಂದೆ. ಆಮೇಲೆ ಗೊತ್ತಾಯ್ತು, ಊರಲ್ಲಿ ಎಲ್ಲರೂ ಜಾಣರೇ. ಯಾರೂ ತಮ್ಮ ಹೆಸರು ಬರೆದಿರಲಿಲ್ಲ. ಒಬ್ಬ ಲಾರಿ ಡ್ರೈವರು ಹೆಂಡತಿ ಅಣ್ಣನ ಹೆಸರು ಹಾಕಿದ್ದ. ಇನ್ನೊಬ್ಬ ಸೀದಾ ನಮ್ಮೂರ ದೇವರು ಹುಚ್ಚರಾಯಸ್ವಾಮಿ ಹೆಸರನ್ನೇ ಬರೆದು, ತಾಪತ್ರಯ ಬಂದ್ರೆ ಸ್ವಾಮಿನೇ ನೋಡ್ಕೊಳ್ಳಲಿ ಅಂದಿದ್ದನಂತೆ.

ವಿಮಾನದ ಮಾತು ತೆಗೆಸೋಕೆ ನಾನು ಶೆಡ್ಡಿಗೆ ಸುಮ್ಮಸುಮ್ಮನೆ ಹೋಗ್ತಿದ್ದೆ. ಅವರು ಬಾಯಿ ಬಿಡ್ತಿರಲಿಲ್ಲ. ಒಂದು ಸಂಜೆ ನೋಟ್‌ಬುಕ್ಕನ್ನೇ ಅವರ ಮುಂದೆ ಬಿಚ್ಚಿದೆ. ಹರಿಕೇನ್ ಫೈಟರಿನ ಚಿತ್ರ ಬಂದಾಗ ರುದ್ರಪ್ಪನೋರು ಕೈ ಎಣ್ಣೆ ಒರೆಸ್ಕೊಂಡ್ರು. ಬೆರಳು ತುದೀಲಿ ಅದರ ಮೂಗು ಮುಟ್ಟಿದ್ರು. ಬರ್ಮಾ ಗಡೀಲಿ ಎರಡು ವರ್ಷ ಇದೇ ವಿಮಾನ ನೋಡ್ಕೊಂಡಿದ್ದು ಅಂದ್ರು. ಪುಣೆ ಕಡೆಯ ಒಬ್ಬ ಸಾಹೇಬ್ರು ಅದನ್ನ ಹಾರಿಸ್ತಿದ್ರಂತೆ. ಪ್ರತಿ ಸಲ ವಿಮಾನ ಏಳೋ ಮುಂಚೆ ರುದ್ರಪ್ಪನೋರು ಸುತ್ತು ಬಂದು ವಿಮಾನದ ಪುಸ್ತಕಕ್ಕೆ ಸಹಿ ಹಾಕಬೇಕು, ಅದರ ಕೆಳಗೆ ಸಾಹೇಬ್ರು ಹಾಕಬೇಕು, ಆಮೇಲೇ ಹತ್ತೋದು. ಸಾಹೇಬ್ರು ಒಂದು ದಿನವೂ ಮೇಲಿನ ಸಾಲು ಓದಲಿಲ್ಲವಂತೆ. ರುದ್ರಪ್ಪನ ಸಹಿ ಇದೆಯಾ ಅಂತ ನೋಡಿ ತಮ್ಮದು ಹಾಕೋರಂತೆ.

ಅಷ್ಟು ಹೇಳಿ, ಚಿತ್ರದಿಂದ ಬೆರಳು ತೆಗೀದೇನೇ ಮೆಲ್ಲಗೆ ಅಂದ್ರು: "ಒಂದ್ಸಲ ನಾನೂ ಇದರಾಗ ಹೋಗೀನಿ. ಯಾರ ಮುಂದೂ ಅನ್ನಬ್ಯಾಡ ತಮ್ಮಾ."

ಮನೆಗೆ ಬಂದು ನೋಡ್ದೆ. ನೋಡೋದೇನು, ನನಗೆ ಗೊತ್ತಿತ್ತು. ಹರಿಕೇನಿಗೆ ಇರೋದು ಒಂದೇ ಸೀಟು!

ಅವತ್ತಿಂದ ನಾನು ಪತ್ತೇದಾರ ಆಗಿಬಿಟ್ಟೆ. ತಿಂಗಳಿಗೊಂದು ಕಾರ್ಡು ಬರೆದು ಡಬ್ಬಿಗೆ ಹಾಕ್ತಾರೆ, ಯಾರಿಗೆ? ಪೋಸ್ಟಿನೋರನ್ನ ಕೇಳಿದ್ರೆ, ಉತ್ತರದಲ್ಲೆಲ್ಲೋ ವಿಮಾನದ ಪಡೇಲಿರೋ ಯಾರೋ ಸಾಹೇಬ್ರಿಗಂತೆ. ಆ ಕಡೆಯಿಂದಲೂ ಬರುತ್ತಂತೆ. ಒಬ್ಬ ಆಫೀಸರು ಒಬ್ಬ ಫಿಟ್ಟರಿಗೆ ಯಾಕೆ ಬರೀತಾನೆ? ಇಬ್ಬರೂ ಸೇರಿ ಏನೋ ಮುಚ್ಚಿಟ್ಟಿದಾರೆ ಅಂತ ತೀರ್ಮಾನ ಮಾಡ್ದೆ. ತಮಾಷೆ ಅಂದ್ರೆ, ಅದೊಂದು ನಿಜ ಆಗಿತ್ತು.

ಆ ದಿನಗಳಲ್ಲೇ ಬಸ್ಸಿನ ಸಾಹುಕಾರರು ತಮ್ಮ ಎರಡೂ ಬಸ್ಸುಗಳ ಉಸ್ತುವಾರಿ ರುದ್ರಪ್ಪನೋರಿಗೆ ಕೊಡ್ತೀನಿ ಅಂದಿದ್ರು. ಕಾಯಂ ಕೆಲಸ, ಸ್ಟ್ಯಾಂಡಿನ ಹಿಂದೆ ಗಟ್ಟಿ ಗೋಡೆಯ ಶೆಡ್ಡು. ತಗಡಿನ ಕೆಳಗೆ ಬೇಯೋದು ತಪ್ಪಿತು ಅಂತ ಅವರು ಮೊದಲ ಸಲ ಹೋಟೆಲಿಗೆ ಬಂದು ಎಲ್ಲರ ಜೊತೆ ಕೂತು ಚಾ ಕುಡೀತಿದ್ರು. ಸಾಹುಕಾರರೂ ಇದ್ರು. ಯಾರೋ ಒಬ್ಬ, ಏನ್ರೀ ರುದ್ರಪ್ಪ, ಲಡಾಯಿನಾಗೆ ನೀವೂ ಬಾಂಬು ಹಾಕಿ ಬಂದ್ರಾ ಅಂತ ಕೆಣಕಿದ. ನನ್ನ ಬಾಯಿ ನಿಲ್ಲಲಿಲ್ಲ. ಹರಿಕೇನಿನಲ್ಲಿ ಹೋಗಿದಾರಂತೆ ಅಂದೆ. ಎಲ್ಲರೂ ತಿರುಗಿದ್ರು. ಆಗಾದ್ರೂ ಸುಮ್ಮನಾಗಬೇಕಿತ್ತು. ನೋಟ್‌ಬುಕ್ಕು ಬಗಲಲ್ಲೇ ಇತ್ತು. ಚಿತ್ರ ತೆಗೆದು ಮೇಜಿನ ಮೇಲಿಟ್ಟೆ.

"ಇದಕ್ಕೆ ಎಷ್ಟು ಸೀಟು ರುದ್ರಪ್ಪಣ್ಣ?"

"ಒಂದೇ."

"ಹಂಗಾದ್ರೆ ನೀವೆಲ್ಲಿ ಕೂತಿದ್ರಿ?"

ಅವರು ನನ್ನ ಮುಖಾನೇ ನೋಡಿದ್ರು. ಸಿಟ್ಟಿರಲಿಲ್ಲ. ಗಾಡಿ ಸುತ್ತ ಬರ್ತಾ ಎಲ್ಲೋ ಒಂದು ಬಿರುಕು ಕಂಡ್ರೆ ನೋಡ್ತಿದ್ರಲ್ಲ, ಹಂಗೆ. ಚಾ ಮುಗಿಸಿ ಲೋಟ ಕೆಳಗಿಟ್ಟು, "ನೀ ಹೇಳೋದು ಸರಿ ಐತಿ ತಮ್ಮಾ. ಒಂದೇ ಸೀಟು," ಅಂದು ಎದ್ದು ಹೋದ್ರು. ಹೋಟೆಲು ಹೋ ಅಂತ ನಕ್ಕಿತು. ರೆಕ್ಕೆ ಮ್ಯಾಲೆ ಕೂತಿದ್ನೇನೋ ಬಿಡ್ರಿ ಅಂದ ಒಬ್ಬ.

ಸಾಹುಕಾರರು ನಗಲಿಲ್ಲ. "ಸುಳ್ಳು ಹೇಳೋನ ಕೈಗೆ ಬ್ರೇಕು ಕೊಡಾಕ ಆಗತೈತೇನ್ರಿ?" ಅಂತ ಒಂದೇ ಮಾತು ಅಂದ್ರು. ಕೆಲಸ ಹೋಯ್ತು. ಸಹಿ ಪುಸ್ತಕದ ಬಗ್ಗೆ ಮೊದಲೇ ಗುಸುಗುಸು ಅಂತಿದ್ದೋರಿಗೆ ಈಗ ಬಾಯಿ ಬಂತು. ನೋಡಿದ್ರಾ, ನಾವು ಹೇಳ್ಲಿಲ್ವಾ? ತಿಂಗಳೊಳಗೆ ಶೆಡ್ಡಿನ ಮುಂದೆ ಒಂದು ಸೈಕಲ್ಲೂ ಇರಲಿಲ್ಲ. ಇನ್ನೊಂದು ತಿಂಗಳಿಗೆ ಶೆಡ್ಡೂ ಇರಲಿಲ್ಲ. ಆನವಟ್ಟೀಲಿ ಒಂದು ಅಕ್ಕಿ ಗಿರಣಿ ಇಂಜಿನ್ನು ನೋಡ್ಕೊಳ್ಳೋಕೆ ಹೋದ್ರಂತೆ ಅಂದ್ರು.

ನಿಜದ ಹುಚ್ಚು ನನಗೆ, ಅದಕ್ಕೇ ಕೇಳಿದೆ ಅಂತ ಆಗ ನನಗೆ ನಾನೇ ಹೇಳ್ಕೊಂಡಿದ್ದೆ. ಈಗ ಅನ್ಸುತ್ತೆ, ವಿಮಾನದ ಬಗ್ಗೆ ನನಗಿಂತ ಜಾಸ್ತಿ ಗೊತ್ತಿರೋನು ಊರಲ್ಲಿದಾನೆ ಅನ್ನೋದೇ ನನ್ನ ಚುಚ್ತಿತ್ತು.

ಆರು ತಿಂಗಳಾದ ಮೇಲೆ ಓದೋ ಕೋಣೇಲಿ ಒಂದು ಹಳೇ ಪತ್ರಿಕೆ ಸಿಕ್ತು. ಮೂಲೇಲಿ ಸಣ್ಣ ಬರಹ. ಎಲ್ಲೋ ಮರಳುಗಾಡಲ್ಲಿ ಕೆಳಗೆ ಬಿದ್ದ ಜೊತೆಗಾರನ್ನ ಒಬ್ಬ ಪೈಲಟ್ಟು ಇಳಿದು ಕರ್ಕೊಂಡು ಬಂದನಂತೆ. ಒಂದೇ ಸೀಟಿನ ಫೈಟರು. ಪ್ಯಾರಾಚೂಟು ಬಿಸಾಕಿ, ಒಬ್ಬರ ತೊಡೆ ಮೇಲೆ ಒಬ್ಬರು ಕೂತು! ಡಿಕ್ಷನರಿ ತೆಗೆದು ಮೂರು ಸಲ ಓದಿದೆ. ಅದೇ ಅರ್ಥ.

ಮಾರನೇ ದಿನ ಬೆಳಗ್ಗೇನೇ ಸೈಕಲ್ ಹತ್ತಿದೆ. ಶಿರಾಳಕೊಪ್ಪ ದಾಟಿ ಆನವಟ್ಟಿ ಮುಟ್ಟೋಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ದಾರಿ ತುಂಬ ಏನು ಹೇಳ್ಬೇಕು ಅಂತ ಜೋಡಿಸ್ಕೊಂಡಿದ್ದೆಲ್ಲ ಗಿರಣಿ ಬಾಗಿಲಲ್ಲಿ ಮರೆತೇ ಹೋಯ್ತು. ತೌಡಿನ ಧೂಳಲ್ಲಿ ರುದ್ರಪ್ಪನೋರ ಹುಬ್ಬೆಲ್ಲ ಬೆಳ್ಳಗಾಗಿತ್ತು. ತಪ್ಪಾಯ್ತು ರುದ್ರಪ್ಪಣ್ಣ ಅಂದೆ, ಪತ್ರಿಕೆ ಚೂರು ಮುಂದೆ ಹಿಡಿದೆ. ಅವರು ಓದಲಿಲ್ಲ. ನೀರು ಕೊಟ್ರು. ಊರಿಂದ ಬರೀ ಹೊಟ್ಟೇಲಿ ಬಂದ್ಯಾ ಅಂತ ಕೇಳಿದ್ರು. ಆಮೇಲೆ ಅಂದ್ರು:

"ಕಳೆದ ವಾರ ಕಾರ್ಡು ಬಂತು. ಸಾಹೇಬ್ರ ತಮ್ಮ ಬರೆದಿದ್ದು. ಸಾಹೇಬ್ರು ಹೋದ್ರಂತ. ವಿಮಾನದಾಗ ಅಲ್ಲ, ಹಾಸಿಗ್ಯಾಗ. ಇನ್ನ ಹೇಳಬಹುದು."

ಕಾಡಿನ ನಡುವೆ ವಿಮಾನ ಇಳಿಯೋ ಪಟ್ಟೀಲಿ ಸಾಹೇಬ್ರ ವಿಮಾನ ಒಂದೇ ಉಳಿದಿತ್ತಂತೆ, ಸ್ಟಾರ್ಟ್ ಆಗ್ತಿರಲಿಲ್ಲ. ಜಪಾನಿನೋರು ಹತ್ರ ಬಂದಿದ್ರು. ಉಳಿದೋರನ್ನ ಹೊತ್ತ ಲಾರಿ ಕಾಯ್ದು ಕಾಯ್ದು ಹೊರಟುಹೋಯ್ತು. ರುದ್ರಪ್ಪನೋರು ಇಂಜಿನ್ ಬಿಟ್ಟು ಬರಲಿಲ್ಲ. ಸರಿ ಮಾಡಿ, ಸುತ್ತು ಬಂದು, ಪುಸ್ತಕಕ್ಕೆ ಸಹಿ ಹಾಕಿದ್ರು. ಸಾಹೇಬ್ರು ಕೆಳಗೆ ತಮ್ಮದು ಹಾಕಿ, ನೀನು ಹ್ಯಾಗೆ ಬರ್ತಿ ಅಂತ ಕೇಳಿದ್ರು. ನಡ್ಕೊಂಡು ಬರ್ತೀನಿ ಅಂದ್ರು ಇವರು. ಸಾಹೇಬ್ರು ಸುತ್ತ ಕಾಡು ನೋಡಿದ್ರಂತೆ. ಮೈಗೆ ಕಟ್ಟಿದ್ದ ಛತ್ರಿ ಬಿಚ್ಚಿ ನೆಲಕ್ಕೆ ಒಗೆದ್ರು. ಪ್ಯಾರಾಚೂಟಿಗೆ ಅವರು ಛತ್ರಿ ಅಂತಿದ್ರು. ಹಾರಿಸೋರು ಅದರ ಮೇಲೇ ಕೂರೋದು, ಅದನ್ನ ತೆಗೆದ್ರೆ ಸೀಟಿನ ಗುಂಡೀಲಿ ಇನ್ನೊಬ್ಬನಿಗೆ ಜಾಗ ಆಗುತ್ತೆ.

"'ಸಹಿ ನಿಂದೇ ಅಲ್ಲೇನೋ? ಹತ್ತು' ಅಂದ್ರು."

ವಿಮಾನ ಕೆಟ್ಟರೆ ಹಾರಿ ಬದುಕೋಕೆ ಈಗ ಇಬ್ಬರಿಗೂ ದಾರಿ ಇಲ್ಲ. ಹಾಗೆ ಮಾಡಿದ್ದು ಮೇಲಿನೋರಿಗೆ ಗೊತ್ತಾದ್ರೆ ಸಾಹೇಬ್ರ ಎದೆ ಮೇಲಿನ ರೆಕ್ಕೆ ಬಿಲ್ಲೆ ಕಿತ್ಕೊಳ್ಳೋರು. ಅದಕ್ಕೇ, ನಾನು ಪಡೇಲಿರೋವರೆಗೂ ಬಾಯಿ ಬಿಡಬ್ಯಾಡ ಅಂದಿದ್ರಂತೆ. ವಿಮಾನದ ಪುಸ್ತಕದ ಪ್ರಕಾರ ಅವತ್ತು ಹಾರಿದೋರು ಒಬ್ಬರೇ.

ಎಲ್ಲಿ ಕೂತಿದ್ರಿ ಅಂತ ಕೇಳಿದ್ಯಲ್ಲ, ಬಾ, ಈಗ ನೀನೇ ಸಾಹೇಬ್ರು ಅಂದ್ರು. ಗೋಡೆಗೂ ಅಕ್ಕಿ ಮೂಟೆಗೂ ನಡುವೆ ಒಂದು ಡಬ್ಬಿ ಬೋರಲು ಹಾಕಿ ಕೂತು, ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡ್ರು. ಚಿಗುರು ಮೀಸೆ ಇಟ್ಕೊಂಡ ನಾನು! ಅಕ್ಕಿ ಕೇರ್ತಿದ್ದ ಹೆಂಗಸರು ಮೊರ ಬಾಯಿಗೆ ಅಡ್ಡ ಹಿಡ್ಕೊಂಡು ನಕ್ರು. ರುದ್ರಪ್ಪನೋರ ಬಲಗೈ ನನ್ನ ತೊಡೆ ಪಕ್ಕದಿಂದ ಮುಂದೆ ಹೋಗಿ, ಗಾಳೀಲಿ ಇಲ್ಲದ ಒಂದು ಹಿಡಿಕೆ ಹಿಡಿದು ಎಳೀತು. ಚಕ್ರ ಒಳಗೆ ಎತ್ಕೊಳ್ಳೋ ಹಿಡಿಕೆ ಅದು, ಸಾಹೇಬ್ರ ಕೈ ಅಲ್ಲಿಗೆ ಬಗ್ಗದಷ್ಟು ಇಕ್ಕಟ್ಟು, ಕಣ್ಣಿಗೆ ಕಾಣದಿದ್ರೂ ನಾನೇ ಎತ್ತಿದೆ ಅಂದ್ರು. ನನ್ನ ನೋಟ್‌ಬುಕ್ಕಿನಲ್ಲಿದ್ದ ವಿಮಾನದ ಒಳಗಿನ ಚಿತ್ರದಲ್ಲೂ ಅದು ಬಲಗಡೆನೇ ಇತ್ತು.

ಹುಟ್ಟುಗುಣ ನೋಡ್ರಿ, ಅಷ್ಟೆಲ್ಲ ಆದ ಮೇಲೂ ನನ್ನೊಳಗೆ ಒಂದು ಹುಳ. ಹಿಡಿಕೆ ಎಲ್ಲಿದೆ ಅಂತ ಫಿಟ್ಟರಿಗೆ ಹೇಗೂ ಗೊತ್ತಿರುತ್ತೆ ಅಲ್ವಾ? ಪರೀಕ್ಷೆ ಮಾಡೋಣ ಅಂತಲೇ ಕೇಳಿದೆ, ಮೇಲಿಂದ ಕಾಡು ಹೆಂಗೆ ಕಾಣ್ತಿತ್ತು ರುದ್ರಪ್ಪಣ್ಣ?

"ಕಾಡೆಲ್ಲಿ ಬಂತು?" ಅಂದ್ರು ನನ್ನ ಬೆನ್ನ ಹಿಂದಿಂದ. "ಸಾಹೇಬ್ರ ಬೆನ್ನು ನನ್ನ ಮುಖಕ್ಕ ಒತ್ತಿತ್ತು. ಷರಟಿನ ಹೊಲಿಗಿ, ಬೆವರಿನ ವಾಸನಿ, ಇಳಿಯೋತನಕ ಅಷ್ಟೇ. ತಲಿ ಬಗ್ಗಿಸಿ ಇಂಜಿನ್ ಸದ್ದು ಕೇಳ್ಕೊಂತ ಕೂತಿದ್ದೆ. ನಾ ಹಾಕಿದ ಸಹಿ ಸರಿ ಐತೋ ಇಲ್ಲೋ ಅಂತ."

ನಾನು ಎದ್ದೆ. ಸುಳ್ಳು ಹೇಳೋನಾಗಿದ್ರೆ ಮೋಡ ಹೇಳ್ತಿದ್ದ, ನದಿ ಹೇಳ್ತಿದ್ದ. ನಾನಾಗಿದ್ರೆ ಅದನ್ನೇ ಹೇಳ್ತಿದ್ದೆ.

ಈಗಲೇ ಹೋಗಿ ಸಾಹುಕಾರರಿಗೆ, ಹೋಟೆಲಿನೋರಿಗೆ ಎಲ್ಲ ಹೇಳ್ತೀನಿ ಅಂದೆ. ಹೇಳು, ಯಾರು ನಂಬ್ತಾರ ಅಂತ ನಕ್ರು. ಮಾತಾಡ್ತಾ ಮಾತಾಡ್ತಾ ನನ್ನ ಸೈಕಲ್ಲನ್ನ ಬೋರಲು ಹಾಕಿದ್ರು. ಧೂಳಿನ ದಾರೀಲಿ ಬ್ರೇಕು ಸಡಿಲ ಆಗಿತ್ತು. ಬ್ರೇಕಿನ ರಬ್ಬರು ಕಟ್ಟೆ ತಿರುಗಿಸಿ ಹಾಕಿ, ತಂತಿ ಬಿಗಿ ಮಾಡಿ, ಒಂದು ಸುತ್ತು ಬಂದು, ಒಳಗಿಂದ ಆ ಉದ್ದನೆ ನೋಟ್‌ಬುಕ್ಕು ತಂದ್ರು. ಸಹಿ ಹಾಕಿದ್ರು. ನನ್ನ ಕಡೆ ತಿರುಗಿಸೋ ಮುಂಚೆ ಹಿಂದಿನ ಪುಟಗಳನ್ನ ಮಗುಚಿ ಒಂದು ಕಡೆ ಬೆರಳಿಟ್ರು. ಕೆ. ರಂಗನಾಥ.

"ಈ ರಂಗನಾಥ ಆರಾಮ ಅದಾನೇನು?"

ಎಲ್ಲ ಗೊತ್ತಿತ್ತು ಅವರಿಗೆ. ಹುಚ್ಚರಾಯಸ್ವಾಮಿ ಲಾರಿ ಓಡಿಸಲ್ಲ ಅಂತಲೂ ಗೊತ್ತಿತ್ತು. ಪುಸ್ತಕದ ತುಂಬ ಸುಳ್ಳು ಹೆಸರು, ಪ್ರತಿ ಹೆಸರಿನ ಮೇಲೂ ಒಂದು ನಿಜದ ಸಹಿ. ನಾನು ರಂಗನಾಥನ್ನ ಹೊಡೆದುಹಾಕಿ ಪಕ್ಕದಲ್ಲಿ ನನ್ನದೇ ಹೆಸರು, ಸದಾಶಿವ ಅಂತ ಬರೆದೆ. ಹೊಸ ಸಾಲಿನ ಕೆಳಗೂ ಅದನ್ನೇ ಬರೆದೆ. ಅಕ್ಷರ ಸ್ವಲ್ಪ ಸೊಟ್ಟ ಬಂತು.

ಊರಲ್ಲಿ ಎಲ್ಲರಿಗೂ ಹೇಳಿದೆ. ಅವರು ಅಂದಿದ್ದೇ ಸರಿ, ಯಾರೂ ನಂಬಲಿಲ್ಲ. ಫಿಟ್ಟರು ನಿನಗೇನೋ ತಿನ್ಸಿ ಕಳ್ಸಿದಾನೆ ಅಂದ್ರು ಸಾಹುಕಾರರು. ಸುಗ್ಗಿ ಮುಗಿದ ಮೇಲೆ ನಾನು ಮತ್ತೆ ಆನವಟ್ಟಿಗೆ ಹೋದಾಗ ಗಿರಣೀಲಿ ಬೇರೆ ಯಾರೋ ಇದ್ರು. ಸಾಹೇಬ್ರ ತಾಯಿಗೆ ವಯಸ್ಸಾಗಿದೆ, ನೋಡಿ ಬರ್ತೀನಿ ಅಂತ ಪುಣೆ ಕಡೆ ಹೋದ ರುದ್ರಪ್ಪನೋರು ವಾಪಸ್ ಬಂದಿಲ್ಲ ಅಂದ್ರು. ಇವತ್ತಿನವರೆಗೂ ಬಂದಿಲ್ಲ.

ನಾನು ಪುಸ್ತಕಕ್ಕೆ ನನ್ನ ಹೆಸರು ಬರೆದ ಅವತ್ತು ಅವರು ಗಿರಣಿ ಬಾಗಿಲಲ್ಲಿ ನಿಂತಿದ್ರು, ನಾನು ಸೈಕಲ್ ಹತ್ತಿ ಹೊರಟೆ. ಯಾರು ರಿಪೇರಿ ಮಾಡಿ ಕೊಟ್ರೂ ಹತ್ತು ಹೆಜ್ಜೆ ಹೋಗಿ ಬ್ರೇಕು ಹಿಡಿದು ನೋಡೋದು ನನ್ನ ಅಭ್ಯಾಸ, ನಮ್ಮಪ್ಪನದೂ ಅದೇ. ಊರು ದಾಟಿದ ಮೇಲೆ ಒಂದು ಉದ್ದನೆ ಇಳಿಜಾರು ಬರುತ್ತೆ, ಕೆಳಗೆ ಸೇತುವೆ, ಅದರ ಮೇಲೆ ಎತ್ತಿನ ಗಾಡಿಗಳ ಸಾಲು. ಇಳಿಜಾರಿನ ತಲೇಲಿ ಕಾಲೂರಿ ನಿಂತು ಸೇತುವೆ ನೋಡಿದೆ. ಪೆಡಲಿನ ಮೇಲೆ ಕಾಲಿಟ್ಟೆ, ಬ್ರೇಕು ಹಿಡಿದು ನೋಡದೆ ಸೈಕಲ್ಲು ಬಿಟ್ಟೆ.