ಅತ್ತೆ ರೀಸೆಟ್ ಮಾಡಲು ಬಿಡದ ಫೋನ್

ಅತ್ತೆಯ ಹೆಬ್ಬೆರಳು ದ್ರಾಕ್ಷಿ ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿ ಗೆಣಸಿನ ತುದಿಯ ಹಾಗಿತ್ತು. ಫೋನಿನ ಗಾಜಿಗೆ ಆ ಬೆರಳು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಬಾಗಿಲು ಬಡಿದ ಹಾಗೆ ಗುದ್ದುತ್ತಿದ್ದಳು.

ಅಪ್ಪನ ಅಕ್ಕ ಅವಳು. ತಮಿಳುನಾಡಿನ ಕೊಂಬೈ ಹತ್ತಿರ ದ್ರಾಕ್ಷಿ ತೋಟ; ಮನೆಯೊಳಗೆ ನಮ್ಮದು ಕನ್ನಡ, ಹೊರಗೆಲ್ಲ ತಮಿಳು. ನಾನು ಹಣ್ಣಿನ ವ್ಯಾಪಾರಕ್ಕಿಳಿದಾಗ, ಯಾರೂ ನಂಬದ ನನಗೆ ಮೊದಲ ಲೋಡು ತುಂಬಿಸಿದವಳು. ಚೌಕಾಸಿ ಕಲಿಸಿದ್ದೂ ಅವಳೇ: "ಬೆಲೆ ಹೇಳಿ ಬಾಯ್ ಮುಚ್ಕೋ. ಆಮೇಲೆ ವದರೋನೇ ಸೋಲೋದು."

ಅತ್ತೆ ಹೊಸ ಫೋನು ಕೊಂಡಾಗ ಇದರಲ್ಲಿ ಕನ್ನಡವೂ ಇದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

"ನಮ್ ಮಾತಾ? ಅದ್ನೇ ಹಾಕು."

"ಅತ್ತೆ, ನಿಂಗೆ ಓದಕ್ಕೆ ಬರೋದು ತಮಿಳು ಮಾತ್ರ."

"ಇರ್ಲಿ ಬಿಡ್ಲೇ. ನಮ್ದೂ ಅಂತ ಇರ್ಲಿ."

ನಾನೇನೋ ಮೈಸೂರಿನ ಹಣ್ಣಿನ ಮಂಡಿಗೆ ಓಡಾಡಿ ಕನ್ನಡ ಅಕ್ಷರ ಕಲಿತವನು. ಅವಳಿಗೆ ಅದು ಬರೀ ರಂಗೋಲಿ.

ದೊಡ್ಡದೊಂದು ಅಪ್‌ಡೇಟ್ ಬಂದ ದಿನ, ಫೋನ್ ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಚಂದದ ಕನ್ನಡದಲ್ಲೇ ಬಂದಿರಬೇಕು. ವ್ಯಾಪಾರಿಯ ಕರೆಗೆ ಕಾಯುತ್ತಿದ್ದ ಅತ್ತೆ, ಇದೇನೋ ಸತಾಯಿಸುತ್ತಿದೆ ಎಂದು ಗುಂಡಿ ಅದುಮಿ ಹಿಡಿದು ಆಫ್ ಮಾಡಿದಳು. ಮುಗಿಯಿತು. ಆಮೇಲೆ ಎಷ್ಟು ಸಲ ಆನ್ ಮಾಡಿದರೂ ಕಂಪನಿಯ ಗುರುತು ಬಂದು ಅಲ್ಲೇ ನಿಲ್ಲುತ್ತಿತ್ತು.

ಕಂಬಂ ಪೇಟೆಯ ರಿಪೇರಿಯವನು ನೋಡಿ, ರೀಸೆಟ್ ಮಾಡಿದರೆ ಸರಿಹೋಗುತ್ತದೆ, ಆದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದ. ಅತ್ತೆ ಫೋನು ಕಿತ್ತುಕೊಂಡಳು.

"ಅಂಥಾದ್ದೇನೈತೆ ಅದ್ರಾಗೆ?" ಎಂದೆ.

ದಿಂಡಿಗಲ್‌ನಲ್ಲಿ ಓದುವ ಮೊಮ್ಮಗಳ ಒಂದು ವಾಯ್ಸ್ ಮೆಸೇಜ್! ಹುಡುಗಿಗೆ ನಮ್ಮ ಮನೆಮಾತು ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. ದಿನವೂ "ಅಪ್ಪತ್ತಾ, ಸಾಪ್ಟಿಯಾ?" ಎನ್ನುವವಳು ಒಂದೇ ಒಂದು ದಿನ ಅದನ್ನೇ ನಮ್ಮ ಮಾತಿನಲ್ಲಿ "ಅಜ್ಜೀ, ಉಂಡ್ಯಾ?" ಎಂದಿದ್ದಳಂತೆ. ಅಷ್ಟೇ.

"ಇನ್ನೊಂದ್ಸಲ ಹೇಳ್ಸಿದ್ರಾಯ್ತಲ್ಲ!"

"ಕೇಳಿ ಹೇಳಿಸ್ಕೊಂಡ್ರೆ ಅದು ಬಾಡಿಗೆ ಮಾತು. ಅವ್ಳ ಕಿವಿಗೇನಾರ ಹಾಕಿದ್ಯೋ, ನಿನ್ ಗಾಡಿ ನನ್ ತೋಟಕ್ಕೆ ಬರಕೂಡದು."

ನನಗೆ ತಲೆ ಕೆಟ್ಟುಹೋಯಿತು. ಸಿಮ್ಮನ್ನು ಹಳೇ ಬಟನ್ ಫೋನಿಗೆ ಹಾಕಿಕೊಟ್ಟೆ. ಹೊಸದು ಕೊಡಿಸುತ್ತೇನೆ ಎಂದೆ. ಬೈದೆ, ಗೋಗರೆದೆ. ಅವಳು ಬಾಯಿ ಮುಚ್ಚಿ ಕೂತಳು. ವದರಿದವನು ನಾನು. ಓದುವವರೇ, ಬೇಕಾದ್ದನ್ನು ಬೇರೆ ಕಡೆ ಎತ್ತಿಡದೆ ಅಪ್‌ಡೇಟ್ ಒತ್ತಬೇಡಿ. ಓದಲು ಬಾರದ ಭಾಷೆಯನ್ನು, ಅದು ಹೆತ್ತವ್ವನ ಮಾತೇ ಆಗಿರಲಿ, ಫೋನಿಗೆ ಹಾಕಿಸಬೇಡಿ.

ಹೋದ ವರ್ಷ ಅತ್ತೆ ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮೇಲೆ ಮೊಮ್ಮಗಳು ಆ ಫೋನು ಎತ್ತಿಕೊಂಡು, ರೀಸೆಟ್ ಮಾಡಿ ನಾನೇ ಇಟ್ಟುಕೊಳ್ಳುತ್ತೇನೆ ಎಂದು ತಮಿಳಿನಲ್ಲಿ ಹೇಳಿದಳು. ಇನ್ನು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

ಹುಡುಗಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ನಮ್ಮ ಮಾತಿನಲ್ಲೇ, ತಡವರಿಸುತ್ತ ಕೇಳಿದಳು:

"ಮಾಮಾ, ನಾ ಕೇಳಿದ್ನಲ್ಲ, ಆವತ್ತು ಅಜ್ಜಿ ಉಂಡಿದ್ಲಾ?"